ಜನಮತಗಣನೆ: ಉತ್ತರ ಕನ್ನಡ ಕರಾವಳಿಯ ಸಂದರ್ಭ

ಒಂದು ನಿರ್ದಿಷ್ಟ ಪ್ರಶ್ನೆಯನ್ನು ಪ್ರತಿನಿಧಿಗಳಿಗೆ ಬಿಡದೆ ಮತದಾರರೇ ನೇರವಾಗಿ ಮತ ಹಾಕಿ ತೀರ್ಮಾನಿಸುವ ಪದ್ಧತಿಗೆ ಜನಮತಗಣನೆ ಎಂದು ಹೆಸರು. ಅಮೆರಿಕದ ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಇದು ರೂಢಿಯಲ್ಲಿದ್ದರೂ ಭಾರತದ ಸಂವಿಧಾನ ಇದಕ್ಕೆ ಪ್ರತ್ಯೇಕ ವ್ಯವಸ್ಥೆ ಮಾಡಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳನ್ನೊಳಗೊಂಡ ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದು ಜನರ ಮತದಿಂದಲ್ಲ, ಬ್ರಿಟಿಷ್ ಆಡಳಿತದ ನಿರ್ಧಾರದಿಂದ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ್ದು ಸಂಸತ್ತಿನ ಕಾಯಿದೆಯಿಂದ.

ಇದಕ್ಕೆ ಭಿನ್ನವಾಗಿ, ಜಿಲ್ಲೆಗೆ ಹೊಂದಿಕೊಂಡ ಗೋವಾದಲ್ಲಿ 1967ರ ಜನವರಿ 16ರಂದು ಜನಾಭಿಪ್ರಾಯ ಸಂಗ್ರಹ ನಡೆಯಿತು. ಮಹಾರಾಷ್ಟ್ರದೊಡನೆ ವಿಲೀನಕ್ಕೆ ಹೂವು, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯಲು ಎರಡೆಲೆ ಗುರುತಾಗಿದ್ದವು. ಎರಡೆಲೆಗೆ 1,72,191, ಹೂವಿಗೆ 1,38,170 ಮತಗಳು ಬಂದು, 34,021 ಮತಗಳ ಅಂತರದಲ್ಲಿ ವಿಲೀನ ತಿರಸ್ಕೃತವಾಯಿತು.

ಉತ್ತರ ಕನ್ನಡದ ಈ ಮೂರು ತಾಲ್ಲೂಕುಗಳಲ್ಲಿ ನೇರ ತೀರ್ಮಾನಕ್ಕೆ ಅತಿ ಸಮೀಪದ ವೇದಿಕೆಯೆಂದರೆ ಗ್ರಾಮಸಭೆ, ಅಂದರೆ ಗ್ರಾಮದ ಮತದಾರರ ಪಟ್ಟಿಯಲ್ಲಿರುವ ಎಲ್ಲರೂ ಸದಸ್ಯರಾಗಿರುವ ಸಭೆ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಅರಣ್ಯವಾಸಿಗಳ ಭೂಮಿಯ ಹಕ್ಕುಕೋರಿಕೆಗಳು ಮೊದಲು ಗ್ರಾಮಸಭೆಯ ಠರಾವು ಪಡೆದು, ಬಳಿಕ ಉಪವಿಭಾಗ ಮತ್ತು ಜಿಲ್ಲಾ ಸಮಿತಿಗಳ ಪರಿಶೀಲನೆಗೆ ಹೋಗುತ್ತವೆ. ಅಂತಿಮ ನಿರ್ಣಯ ಜಿಲ್ಲಾ ಸಮಿತಿಯದಾದರೂ, ಕಾಡಿನಂಚಿನ ಕುಟುಂಬಗಳ ಬದುಕಿನ ಪ್ರಶ್ನೆಯಲ್ಲಿ ಊರಿನ ಮಾತಿಗೆ ಕಾನೂನಿನ ಸ್ಥಾನ ನೀಡಿರುವುದು ಈ ವ್ಯವಸ್ಥೆಯ ಹಿರಿಮೆ.