‘ಗುಡ್ಡದ ಭೂತ’ ಮತ್ತು ನನ್ನ ವ್ಯಾಕರಣ ಪಾಠ

ಇಂದಿನ ಮಕ್ಕಳಿಗೆ ಹೇಳಿದರೆ ನಕ್ಕಾರು. 1990ರ ದಶಕದ ಆರಂಭದಲ್ಲಿ ದೂರದರ್ಶನದ ಒಂದು ಕನ್ನಡ ಧಾರಾವಾಹಿ ನಮ್ಮ ಬೀದಿಯ ದೊಡ್ಡವರೂ ಹಿತ್ತಲ ಬಾಗಿಲು ತೆರೆಯಲು ಅಂಜುವಂತೆ ಮಾಡಿತ್ತು. ಅದೇ ‘ಗುಡ್ಡದ ಭೂತ’. ಆಗ ನಾನು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕ. ನಮ್ಮ ಕಪ್ಪು-ಬಿಳುಪು ಟಿವಿಯ ಮುಂದೆ ಚಾಪೆ ಹಾಸಿಕೊಂಡು ನೆರೆಹೊರೆಯವರೆಲ್ಲ ಕೂರುತ್ತಿದ್ದರು. ಗಾಳಿಗೆ ಆಂಟೆನಾ ತಿರುಗಿದರೆ ಯಾರಾದರೊಬ್ಬ ಹುಡುಗ ಮಾಡು ಹತ್ತಬೇಕಿತ್ತು. ಈ ಧಾರಾವಾಹಿಯ ಹೊತ್ತಿನಲ್ಲಿ ಮಾತ್ರ ಎಂಥ ಪುಂಡನೂ ಅದಕ್ಕೆ ಒಪ್ಪುತ್ತಿರಲಿಲ್ಲ.

ನಿರ್ದೇಶಕರು ಸದಾನಂದ ಸುವರ್ಣರು. ಮೂಲ್ಕಿಯವರು, ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ಪಳಗಿದವರು, ಸ್ವರ್ಣಕಮಲ ಪಡೆದ ‘ಘಟಶ್ರಾದ್ಧ’ದ (1977) ನಿರ್ಮಾಪಕರು. ಇನ್ನೂ ದೊಡ್ಡ ಹೆಸರಾಗಿರದ ಪ್ರಕಾಶ್ ರೈ ಅದರಲ್ಲಿ ನಟಿಸಿದ್ದರು. ಕತೆಯ ತಿರುವುಗಳು ಈಗ ನನ್ನ ನೆನಪಿನಲ್ಲಿ ಮಸುಕಾಗಿವೆ. ಮಾಸದೆ ಉಳಿದಿರುವುದು ಶೀರ್ಷಿಕೆ ಗೀತೆಯಾಗಿದ್ದ ಆ ತುಳು ಜಾನಪದ ಹಾಡು. ಅದರ ಒಂದು ಪದದ ಅರ್ಥವೂ ನಮಗೆ ತಿಳಿಯದು. ರಾಗ ಕಿವಿಗೆ ಬಿದ್ದೊಡನೆ ಮೈ ಜುಮ್ಮೆನ್ನುತ್ತಿತ್ತು.

ಆ ದಿನಗಳಲ್ಲಿ ಒಂಬತ್ತನೆಯ ತರಗತಿಯಲ್ಲಿ ಕಾಲಗಳನ್ನು ಪಾಠ ಮಾಡುತ್ತಿದ್ದೆ. ‘ಭೂತಕಾಲ’ ಎಂದು ಹಲಗೆಯ ಮೇಲೆ ಬರೆದದ್ದೇ ತಡ, ತರಗತಿಯೆಲ್ಲ ಗೊಳ್ಳೆಂದಿತು. ನಾನೂ ಸಂದರ್ಭ ಸಿಕ್ಕಿತೆಂದು ಭೂತ, ಪಿಶಾಚಿಗಳೆಲ್ಲ ಅಂಜುಬುರುಕರ ಕಲ್ಪನೆ ಎಂದು ಸಣ್ಣದೊಂದು ಭಾಷಣವನ್ನೇ ಮಾಡಿದೆ. ಮೂರನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಅವನ ತಂದೆ ಕರಾವಳಿಯಿಂದ ಬಂದು ನಮ್ಮೂರಿನ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದರು. “ಸರ್, ನಮ್ಮ ಮನೆಯಲ್ಲಿ ಕಲ್ಲುರ್ಟಿ ಭೂತ ಉಂಟು. ಅದು ಹೆದರಿಸುವುದಿಲ್ಲ, ನ್ಯಾಯ ಹೇಳುತ್ತದೆ” ಎಂದ. ಮತ್ತೆ ನಗು. ನಾನು ನಗುವವರನ್ನು ಗದರಿಸಲಿಲ್ಲ. ಅವನಿಗೇ “ಕೂತ್ಕೊಳ್ಳಪ್ಪ” ಎಂದೆ. ಆ ವರ್ಷವೆಲ್ಲ ಹುಡುಗರು ಅವನನ್ನು ‘ಭೂತ’ ಎಂದೇ ಕರೆದರು.

ಅವನ ಮಾತು ಸರಿಯಾಗಿತ್ತೆಂದು ನನಗೆ ಮನವರಿಕೆಯಾದದ್ದು ಎಷ್ಟೋ ವರ್ಷಗಳ ಮೇಲೆ, ಕಾರ್ಕಳಕ್ಕೆ ಹೋಗಿಬಂದು ತುಳು ಪಾಡ್ದನಗಳ ಕನ್ನಡ ಅನುವಾದಗಳನ್ನು ಓದಿದಾಗ. ಬೆಟ್ಟದ ಮೇಲಿನ ಗೊಮ್ಮಟ ನಿಂತದ್ದು 1432ರಲ್ಲಿ. ಪಾಡ್ದನದ ಪ್ರಕಾರ ಅದನ್ನು ಕಡೆದವನು ಕಲ್ಕುಡ. ಇಂಥ ಇನ್ನೊಂದು ಮೂರ್ತಿಯನ್ನು ಅವನು ಬೇರೆಲ್ಲೂ ಕಡೆಯಬಾರದೆಂದು ಅರಸ ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದ. ಅಣ್ಣನಿಗಾದ ಅನ್ಯಾಯಕ್ಕೆ ಸೇಡು ತೀರಿಸಿಕೊಂಡವಳು ತಂಗಿ ಕಲ್ಲುರ್ಟಿ. ಇಬ್ಬರೂ ಭೂತಗಳಾದರು. ಶಾಸನ ಅರಸನನ್ನು ಹೊಗಳುತ್ತದೆ, ಪಾಡ್ದನ ಶಿಲ್ಪಿಯ ಪರ ನಿಲ್ಲುತ್ತದೆ. ಚರಿತ್ರೆಯ ಪಾಠದಲ್ಲಿ ನಾವು ಓದಿಸಿದ್ದು ಮೊದಲನೆಯದನ್ನು ಮಾತ್ರ.

ತಪ್ಪು ತಿಳಿದವನು ನಾನೊಬ್ಬನೇ ಅಲ್ಲ. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ.ಸಿ. ಬರ್ನೆಲ್ ಈ ಪಾಡ್ದನಗಳನ್ನು ಶ್ರಮಪಟ್ಟು ಕಲೆಹಾಕಿದ. ಅವನ ಮರಣಾನಂತರ, 1894ರಿಂದ, ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅವು ಅಚ್ಚಾದಾಗ ತಲೆಬರಹದಲ್ಲಿದ್ದುದು ‘ಡೆವಿಲ್ ವರ್ಷಿಪ್’, ಅಂದರೆ ಪಿಶಾಚಾರಾಧನೆ! ಸಂಗ್ರಹ ಅಮೂಲ್ಯ, ಹೆಸರು ಅನ್ಯಾಯ. ಘಟ್ಟದ ಮೇಲಿನ ನಮಗೆ ಭೂತವೆಂದರೆ ದೆವ್ವ. ತುಳುನಾಡಿನವರಿಗೆ ಅದು ಮನೆ, ಹೊಲ, ಊರು ಕಾಯುವ ದೈವ. ಕೋಲದ ರಾತ್ರಿ ಊರವರ ಅಹವಾಲು ಕೇಳಿ ನುಡಿ ಕೊಡುತ್ತದೆ. ಸಂಸ್ಕೃತದಲ್ಲಿ ‘ಭೂತ’ವೆಂದರೆ ಆಗಿಹೋದದ್ದು ಎಂದೂ ಅರ್ಥವೆಂದು ಅದೇ ವ್ಯಾಕರಣದ ತರಗತಿಯಲ್ಲಿ ನಾನೇ ಹೇಳಿಕೊಟ್ಟಿದ್ದೆ. ಆಗಿಹೋದ ಅನ್ಯಾಯವೂ ಭೂತವಾದೀತೆಂದು ಮಾತ್ರ ಹೊಳೆದಿರಲಿಲ್ಲ.

2015ರಲ್ಲಿ ‘ರಂಗಿತರಂಗ’ ಚಿತ್ರದಲ್ಲಿ ಆ ಹಳೆಯ ಹಾಡು ಮತ್ತೆ ಕೇಳಿಸಿತು. ಪಕ್ಕದಲ್ಲಿದ್ದ ನನ್ನಾಕೆ ಹಳೆಯ ಅಭ್ಯಾಸದಂತೆ ಕೈ ಹಿಡಿದುಕೊಂಡಳು. ನನಗೆ ಈ ಸಲ ಭಯವೇನೂ ಆಗಲಿಲ್ಲ. ಮೂರನೆಯ ಬೆಂಚು ಕಣ್ಣ ಮುಂದೆ ಬಂತು. 2024ರಲ್ಲಿ ಸುವರ್ಣರು ತೀರಿಕೊಂಡ ಸುದ್ದಿ ಓದಿದ ದಿನ, ಸಂಜೆಯ ನಡಿಗೆಯಲ್ಲಿ ಆ ಹೋಟೆಲಿದ್ದ ಬೀದಿಯತ್ತ ಹೋದೆ. ಅಲ್ಲೀಗ ಮೊಬೈಲ್ ಅಂಗಡಿಯಿದೆ. ಅಡುಗೆಯವರ ಸಂಸಾರ ಎತ್ತ ಹೋಯಿತೆಂದು ನಾಲ್ಕಾರು ಜನರನ್ನು ವಿಚಾರಿಸಿದೆ. ಯಾರಿಗೂ ತಿಳಿದಿರಲಿಲ್ಲ.