ಕೂಡಿ ದುಡಿಯುವವರ ಧರ್ಮ: ಮೂರು ಶಾಸನಗಳ ಪಾಠ

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿಗೆ ರಸ್ತೆಯ ಬದಿಯಲ್ಲಿ ನಿಂತು ನೋಡಿದವರಿಗೆ ಒಂದು ಸಂಗತಿ ಗೋಚರವಾಗದೆ ಇರದು. ಎಂಟು ತಾಸು ಒಂದೇ ಛಾವಣಿಯ ಕೆಳಗೆ ದುಡಿದ ಜನರು ಹೊರಬಿದ್ದ ಕೂಡಲೆ ಮಾತೃಭಾಷೆಗೆ ತಕ್ಕಂತೆ, ಊರಿಗೆ ತಕ್ಕಂತೆ, ಕಾಯಂ ನೌಕರ ಹಾಗೂ ಗುತ್ತಿಗೆಯ ನೌಕರ ಎಂಬ ಭೇದಕ್ಕೆ ತಕ್ಕಂತೆ ಬೇರೆ ಬೇರೆ ಗುಂಪುಗಳಾಗಿ ಚದುರಿಹೋಗುತ್ತಾರೆ. ನಮ್ಮ ಅಂಗಡಿಗಳಲ್ಲಿಯೂ ಇದೇ ಸ್ಥಿತಿ. ಯಜಮಾನನಿಗೆ ಗುಮಾಸ್ತನ ಮನೆಯ ಕಷ್ಟ ತಿಳಿಯದು. ಗುಮಾಸ್ತನಿಗೆ ಪಕ್ಕದಲ್ಲಿಯೇ ಚೀಲ ಹೊರುವ ಹಮಾಲನ ಹೆಸರೂ ತಿಳಿಯದು. ದೇಹಗಳು ಒಂದೆಡೆ ಇದ್ದರೂ ಮನಸ್ಸುಗಳು ಕೂಡಲಿಲ್ಲ. ಇದಕ್ಕೆ ಪರಿಹಾರವೆಂದು ಇಂದಿನ ದೊಡ್ಡ ಸಂಸ್ಥೆಗಳು ಸ್ನೇಹಕೂಟಗಳನ್ನೂ ಆಟೋಟಗಳನ್ನೂ ಏರ್ಪಡಿಸುತ್ತವೆ. ಅವು ಬೇಡವೆಂದು ನಾನು ಹೇಳಲಾರೆ. ಆದರೆ ಬೇರೆ ಬೇರೆ ನಾಡಿನ, ಬೇರೆ ಬೇರೆ ದೈವಗಳ ಜನರನ್ನು ಒಂದೇ ಕಾರ್ಯದಲ್ಲಿ ಹೇಗೆ ಕೂಡಿಸಬೇಕೆಂಬ ಪ್ರಶ್ನೆ ಹೊಸದಲ್ಲ. ನಮ್ಮ ಈ ಸೀಮೆಯ ಹಿರಿಯರು ಅದಕ್ಕೆ ಉತ್ತರ ಕಂಡುಕೊಂಡು ತಾಮ್ರದ ಮೇಲೆಯೂ ಕಲ್ಲಿನ ಮೇಲೆಯೂ ಬರೆಯಿಸಿಟ್ಟಿದ್ದಾರೆ.

ನಮ್ಮ ನಾಲ್ಕು ತಾಲ್ಲೂಕುಗಳಷ್ಟು ಬಗೆಬಗೆಯ ಜನರು ಕೂಡಿ ಬಾಳುವ ಪ್ರದೇಶ ಕರ್ನಾಟಕದಲ್ಲಿ ಅಪರೂಪ. ದಾಂಡೇಲಿಯಲ್ಲಿ 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದ ಮೇಲೆ ಕಾಡಿನ ಬಿದಿರನ್ನು ನಂಬಿ ದೂರದೂರದ ಕಾರ್ಮಿಕರು ಬಂದು ನೆಲೆಸಿದರು. ಸೂಪಾ ಅಣೆಕಟ್ಟಿನಿಂದ ಹಳೆಯ ಸೂಪಾ ಊರು ಕಾಳಿ ನದಿಯ ನೀರಿನಲ್ಲಿ ಮುಳುಗಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಮುಂಡಗೋಡದಲ್ಲಿ 1960ರ ದಶಕದಲ್ಲಿ ಟಿಬೆಟಿನ ನಿರಾಶ್ರಿತರಿಗೆ ಭೂಮಿ ದೊರೆಯಿತು. ಹಳಿಯಾಳದ ಸಂತೆಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಕೇಳಿಬರುತ್ತವೆ. ಸಿದ್ದಿಯರು, ಗೌಳಿಗಳು, ಕುಣಬಿಗಳು ಒಂದೇ ಬೀದಿಯಲ್ಲಿ ವ್ಯವಹರಿಸುತ್ತಾರೆ. ಇಂತಹ ನೆಲದಲ್ಲಿ ಸಹಕಾರವಿಲ್ಲದೆ ಯಾವ ಉದ್ಯೋಗವೂ ನಡೆಯದು.

ಮೊದಲನೆಯ ಸಾಕ್ಷಿ ನಮಗೆ ತೀರ ಸಮೀಪದ್ದು. ಹಳಿಯಾಳದ ಉತ್ತರಕ್ಕೆ ನೆರೆಯ ಖಾನಾಪುರ ತಾಲ್ಲೂಕಿನಲ್ಲಿ ಹಲಸಿ ಎಂಬ ಗ್ರಾಮವಿದೆ. ಇಂದು ಭೂವರಾಹ ನರಸಿಂಹ ದೇವಾಲಯದಿಂದ ಪ್ರಸಿದ್ಧವಾಗಿರುವ ಈ ಗ್ರಾಮವೇ ಬನವಾಸಿಯ ಕದಂಬರ ಕಾಲದ ಪಲಾಶಿಕಾ ನಗರ. ಅಲ್ಲಿ ದೊರೆತ ತಾಮ್ರಪಟಗಳಲ್ಲಿ ಒಂದು, ಐದನೆಯ ಶತಮಾನದ ಅರಸು ಮೃಗೇಶವರ್ಮನದು. ತನ್ನ ತಂದೆಯ ಸ್ಮರಣಾರ್ಥ ಆತನು ಪಲಾಶಿಕೆಯಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿ, 33 ನಿವರ್ತನ ಭೂಮಿಯನ್ನು ದಾನವಾಗಿತ್ತನು. ಈ ದಾನವು ಯಾಪನೀಯರು, ನಿರ್ಗ್ರಂಥರು, ಕೂರ್ಚಕರು ಎಂಬ ಮೂರು ಸಂಘಗಳಿಗೂ ಸಲ್ಲುತ್ತಿತ್ತೆಂಬುದು ಗಮನಾರ್ಹ. ಆಚಾರದಲ್ಲಿ ಭಿನ್ನರಾಗಿದ್ದ ಮೂರು ಗುಂಪುಗಳಿಗೆ ಅರಸನು ಬೇರೆ ಬೇರೆಯಾಗಿ ಮೂರು ಜಿನಾಲಯಗಳನ್ನು ಕಟ್ಟಿಸಿಕೊಡಲಿಲ್ಲ. ‘ನಿಮ್ಮ ಭೇದವನ್ನು ಬಿಡಿರಿ’ ಎಂದು ಆಜ್ಞೆಯನ್ನೂ ಮಾಡಲಿಲ್ಲ. ಒಂದೇ ದಾನದಲ್ಲಿ ಮೂವರ ಹೆಸರನ್ನೂ ಬರೆಯಿಸಿದನು. ಇದೇ ಅರಸನ ಕಾಲದ ದೇವಗಿರಿಯ ತಾಮ್ರಪಟವು ಇನ್ನೂ ಸ್ಪಷ್ಟ. ಕಾಲವಂಗ ಎಂಬ ಗ್ರಾಮವನ್ನು ಮೂರು ಭಾಗ ಮಾಡಿ, ಮೊದಲನೆಯದನ್ನು ಜಿನೇಂದ್ರ ದೇವರಿಗೂ, ಎರಡನೆಯದನ್ನು ಶ್ವೇತಪಟ ಮಹಾಶ್ರಮಣ ಸಂಘಕ್ಕೂ, ಮೂರನೆಯದನ್ನು ನಿರ್ಗ್ರಂಥ ಮಹಾಶ್ರಮಣ ಸಂಘಕ್ಕೂ ಕೊಡಲಾಯಿತು. ಪಾಲು ನಿಶ್ಚಿತವಾಗಿರುವಲ್ಲಿ ಸಂಶಯಕ್ಕೆ ಎಡೆಯಿಲ್ಲ. ಸಂಶಯವಿಲ್ಲದಲ್ಲಿ ಜಗಳಕ್ಕೆ ಬೇರಿಲ್ಲ.

ಎರಡನೆಯ ಸಾಕ್ಷಿ ನನ್ನಂತಹ ವ್ಯಾಪಾರಸ್ಥನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಸವದತ್ತಿಯ ರಟ್ಟ ವಂಶದ ನಾಲ್ಕನೆಯ ಕಾರ್ತವೀರ್ಯನು ತನ್ನ ತಮ್ಮನಾದ ಮಲ್ಲಿಕಾರ್ಜುನನೊಡನೆ ವೇಣುಗ್ರಾಮದಿಂದ, ಅಂದರೆ ಇಂದಿನ ಬೆಳಗಾವಿಯಿಂದ, ರಾಜ್ಯವಾಳುತ್ತಿದ್ದನು. ಆತನ ಮಂತ್ರಿ ಬೀಚಣನು ಅಲ್ಲಿ ಶಾಂತಿನಾಥ ಸ್ವಾಮಿಯ ರಟ್ಟ ಜಿನಾಲಯವನ್ನು ಕಟ್ಟಿಸಿದನು. ಇದಕ್ಕೆ ಸಂಬಂಧಿಸಿದ, 1204ರ ಎರಡು ಕನ್ನಡ ಶಿಲಾಶಾಸನಗಳು ಬೆಳಗಾವಿಯಿಂದ ಸಾಗಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಜಿನಾಲಯದ ಆಚಾರ್ಯರಾಗಿದ್ದ ಶುಭಚಂದ್ರ ಭಟ್ಟಾರಕರಿಗೆ ಅರಸನು ಭೂದಾನ ಮಾಡಿದ್ದು ಒಂದು ಸಂಗತಿ. ಆದರೆ ಶಾಸನದ ನಿಜವಾದ ಸೊಬಗು ಇರುವುದು ಪೇಟೆಯ ಜನರು ಸೇರಿ ಮಾಡಿದ ನಿರ್ಣಯದಲ್ಲಿ.

ಆ ಸಭೆಗೆ ಬಂದವರು ಯಾರು? ವೇಣುಗ್ರಾಮದ ಮುಮ್ಮುರಿದಂಡರೆಂಬ ವರ್ತಕ ಸಂಘದವರು, ಕೂಂಡಿ ಮೂರು ಸಾವಿರ ನಾಡಿನ ವ್ಯಾಪಾರಿಗಳು, ಲಾಳ ದೇಶದಿಂದ, ಎಂದರೆ ಗುಜರಾತದ ಕಡೆಯಿಂದ, ಬಂದ ವರ್ತಕರ ಮುಖ್ಯಸ್ಥರು, ಮಲೆಯಾಳದ ವರ್ತಕರು, ಇವರೊಂದಿಗೆ ಅಕ್ಕಸಾಲಿಗರು, ಬಟ್ಟೆಯ ವ್ಯಾಪಾರಿಗಳು, ಎಣ್ಣೆಯ ವ್ಯಾಪಾರಿಗಳು. ಒಬ್ಬರ ಮಾತು ಇನ್ನೊಬ್ಬರಿಗೆ ಮನೆಯ ಮಾತಲ್ಲ. ಪೇಟೆಯಲ್ಲಿ ಅವರು ಪ್ರತಿಸ್ಪರ್ಧಿಗಳೂ ಆಗಿದ್ದಿರಬೇಕು. ಅಷ್ಟು ಜನರು ಸೇರಿ, ತಂತಮ್ಮ ಸರಕಿನ ಮೇಲೆ ಇಂತಿಷ್ಟು ಆಯವನ್ನು ಬಸದಿಗೆ ಸಲ್ಲಿಸುವುದಾಗಿ ಒಪ್ಪಿ, ಅದನ್ನು ಕಲ್ಲಿನ ಮೇಲೆ ಕೆತ್ತಿಸಿದರು. ಒಬ್ಬ ಶ್ರೀಮಂತನೇ ಎಲ್ಲವನ್ನೂ ಕೊಟ್ಟಿದ್ದರೆ ಬಸದಿಗೆ ಹಣ ಬರುತ್ತಿತ್ತು, ಪೇಟೆ ಮಾತ್ರ ಒಂದಾಗುತ್ತಿರಲಿಲ್ಲ. ದೊಡ್ಡ ವರ್ತಕನ ಪಾಲಿನ ಜೊತೆಗೆ ಎಣ್ಣೆಯವನ ಪಾಲೂ ಅದೇ ಕಲ್ಲಿನಲ್ಲಿ ದಾಖಲಾದುದರಿಂದ, ಈ ಬಸದಿ ನಮ್ಮೆಲ್ಲರದು ಎಂಬ ಭಾವಕ್ಕೆ ಆಧಾರ ದೊರೆಯಿತು.

ಈ ಪದ್ಧತಿಯ ಎಳೆಯೊಂದು ನಮ್ಮ ಕಾಲದವರೆಗೂ ಹರಿದು ಬಂದಿತ್ತು. ಉತ್ತರ ಕರ್ನಾಟಕದ ಅಡತಿ ಅಂಗಡಿಗಳ ಪಟ್ಟಿಯ ಕೊನೆಯಲ್ಲಿ ‘ಧರ್ಮಾದಾಯ’ ಎಂದು ಕೆಲವು ಪೈಸೆಗಳನ್ನು ಹಾಕುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. ಅದು ರೈತನ, ಖರೀದಿದಾರನ, ದಲಾಲನ ವ್ಯವಹಾರದೊಳಗಿಂದಲೇ ಸಾರ್ವಜನಿಕ ಕಾರ್ಯಕ್ಕೆ ತೆಗೆದಿಟ್ಟ ಪಾಲು.

ಮೂರನೆಯ ಸಾಕ್ಷಿ ಜಗಳದಿಂದ ಹುಟ್ಟಿದ್ದು. 1368ರಲ್ಲಿ ವಿಜಯನಗರದ ಬುಕ್ಕರಾಯನ ಮುಂದೆ ಜೈನರು ಶ್ರೀವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಈ ಪ್ರಸಂಗವನ್ನು ನಾವು ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳುತ್ತೇವೆ. ಅದರ ಮುಂದಿನ ಭಾಗವನ್ನು ಮಾತ್ರ ಹೇಳುವುದಿಲ್ಲ. ರಾಜ್ಯದ ಪ್ರತಿಯೊಂದು ಜೈನರ ಮನೆಯವರು ವರ್ಷಕ್ಕೆ ಒಂದು ಹಣವನ್ನು ಕೊಡತಕ್ಕದ್ದು. ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸತಕ್ಕದ್ದು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಎಂದರೆ, ನಿನ್ನೆಯ ಎದುರಾಳಿ ಪಕ್ಷದ ಹಿರಿಯನಿಗೇ ರಕ್ಷಣೆಯ ಹೊಣೆ! ಕೈಗೆ ಕೈ ಕೂಡಿಸಿದ್ದು ಒಂದು ಕ್ಷಣ. ಅದನ್ನು ಉಳಿಸಿದ್ದು ವರ್ಷವರ್ಷವೂ ನಡೆಯಬೇಕಾದ ಒಂದು ಕೆಲಸ ಮತ್ತು ಅದರ ಲೆಕ್ಕ. ಈ ಕಾರ್ಯದಲ್ಲಿ ಶ್ರಮಿಸಿದ ಕಲ್ಲೆಹದ ಬುಸುವಿಸೆಟ್ಟಿಗೆ ಎರಡು ಸಮಯದವರೂ ಕೂಡಿ ಸಂಘನಾಯಕನೆಂಬ ಪಟ್ಟ ಕಟ್ಟಿದರು. ಅವನೂ ಒಬ್ಬ ಸೆಟ್ಟಿಯೆಂಬುದನ್ನು ನಮ್ಮ ಯುವಕ ವರ್ತಕರು ಮರೆಯದಿರಲಿ.

ಶಾಸನಗಳು ಪಾಲು ಮತ್ತು ಲೆಕ್ಕದ ಮಹತ್ವವನ್ನು ತಿಳಿಸಿದರೆ, ಅವೆರಡಕ್ಕೂ ಒಳಗಿನ ಜೀವವಾದ ಮರ್ಯಾದೆಯನ್ನು ತಿಳಿಸುವುದು ನಮ್ಮ ಆಚಾರಗ್ರಂಥಗಳು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಜೀವಗಳು ಒಂದಕ್ಕೊಂದು ಉಪಕಾರಿಗಳಾಗಿರುವುದನ್ನು ಹೇಳುತ್ತದೆ. ಈ ಮಾತು ಇಂದು ನಮ್ಮ ಧರ್ಮದ ಲಾಂಛನದ ಕೆಳಗಿದೆ. ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿರುವ ಅಣುವ್ರತಗಳ ಅತಿಚಾರಗಳ ಪಟ್ಟಿಯನ್ನು ಮಾತ್ರ ನಾವು ಅಂಗಡಿಯ ಗಲ್ಲೆಯ ಮೇಲೆ ಕುಳಿತು ಓದುವುದಿಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಎರಡಿವೆ. ಎತ್ತಿನ ಮೇಲೆ ಮಿತಿಮೀರಿದ ಭಾರ ಹೇರುವುದು ದೋಷವಾದರೆ, ಇಬ್ಬರ ಕೆಲಸವನ್ನು ಒಬ್ಬ ಗುಮಾಸ್ತನ ಮೇಲೆ ಹೇರುವುದು ನಿರ್ದೋಷವಾಗುವುದೆಂತು? ಊಟದ ವೇಳೆ ಮೀರಿದರೂ ಬಿಡದಿರುವುದು ಯಾವ ಪಟ್ಟಿಗೆ ಸೇರುತ್ತದೆ? ಸತ್ಯಾಣುವ್ರತದ ಅತಿಚಾರಗಳಲ್ಲಿ ಏಕಾಂತದ ಸಂಗತಿಯನ್ನು ಬಯಲು ಮಾಡುವ ರಹೋಭ್ಯಾಖ್ಯಾನ, ಸುಳ್ಳು ಪತ್ರ ಬರೆಯುವ ಕೂಟಲೇಖಕ್ರಿಯೆ, ಇಟ್ಟ ನ್ಯಾಸವನ್ನು ಅಪಹರಿಸುವ ನ್ಯಾಸಾಪಹಾರಗಳು ಬರುತ್ತವೆ. ಒಟ್ಟಿಗೆ ಕೆಲಸ ಮಾಡುವವರ ವಿಶ್ವಾಸವನ್ನು ಕೆಡಿಸುವ ದುರ್ಗುಣಗಳ ಪಟ್ಟಿ ಇದಕ್ಕಿಂತ ಪೂರ್ಣವಾದದ್ದು ನಾನು ಓದಿದ ವಾಣಿಜ್ಯದ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಎಂಬ ಮೂರು ನೇರವಾಗಿ ಒಡನಾಡಿಗಳಿಗೆ ಸಂಬಂಧಿಸಿದವು. ಉಪಗೂಹನಕ್ಕೆ ದೃಷ್ಟಾಂತವಾಗಿ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಹೆಸರಿಸುವುದು ಒಬ್ಬ ವರ್ತಕನನ್ನೇ: ಜಿನೇಂದ್ರಭಕ್ತ ಶ್ರೇಷ್ಠಿ. ಬ್ರಹ್ಮಚಾರಿಯ ವೇಷದ ಕಳ್ಳನೊಬ್ಬನು ಅವನ ಚೈತ್ಯಾಲಯದ ಪಾರ್ಶ್ವನಾಥ ಪ್ರತಿಮೆಯ ಕೊಡೆಯ ಮಣಿಯನ್ನು ಕದ್ದೋಡುವಾಗ ಕಾವಲಿನವರಿಗೆ ಸಿಕ್ಕಿಬಿದ್ದನು. ಶ್ರೇಷ್ಠಿಯು ಜನರೆದುರು ‘ನಾನು ಹೇಳಿದ್ದರಿಂದಲೇ ಆತನು ಮಣಿಯನ್ನು ತಂದನು’ ಎಂದು ಧರ್ಮದ ಮಾನವನ್ನು ಕಾಪಾಡಿ, ಬಳಿಕ ಏಕಾಂತದಲ್ಲಿ ಅವನನ್ನು ಗದರಿಸಿ ಹೊರಗೆ ಕಳುಹಿಸಿದನು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ದೇವಸ್ಥಾನದ ಹಣದ ಲೆಕ್ಕವನ್ನು ಮುಚ್ಚಿಡುವುದಕ್ಕೆ ಉಪಗೂಹನವೆಂಬ ಹೆಸರು ಸಲ್ಲದು, ಅದು ಕೂಟಲೇಖ. ಶ್ರೇಷ್ಠಿಯು ಮಣಿಯನ್ನು ಬಿಟ್ಟುಕೊಡಲಿಲ್ಲ, ಕಳ್ಳನನ್ನು ಮನೆಯಲ್ಲಿ ಇಟ್ಟುಕೊಳ್ಳಲೂ ಇಲ್ಲ. ತಪ್ಪನ್ನು ತಿದ್ದಿದನು, ಡಂಗುರ ಸಾರಲಿಲ್ಲ.

ಈ ಕಥೆಯನ್ನು ಬಾಲ್ಯದಿಂದ ಕೇಳಿದ್ದ ನಾನೇ ಒಮ್ಮೆ ಅದಕ್ಕೆ ವಿರುದ್ಧವಾಗಿ ನಡೆದೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ದೀಪಾವಳಿಯ ಲೆಕ್ಕದ ಸಮಯದಲ್ಲಿ ನಮ್ಮ ಅಂಗಡಿಯ ರೋಕಡಿಯಲ್ಲಿ ನಾಲ್ಕು ನೂರು ರೂಪಾಯಿ ಕಡಿಮೆ ಬಂತು. ಗಿರಾಕಿಗಳ ಎದುರಿನಲ್ಲಿಯೇ ತರುಣ ಗುಮಾಸ್ತನನ್ನು ಕಟುವಾಗಿ ನಿಂದಿಸಿದೆ. ಆತನು ತಲೆ ತಗ್ಗಿಸಿ ನಿಂತನು. ರಾತ್ರಿ ನಮ್ಮ ವೃದ್ಧ ದಿವಾಣಜಿಯವರು ಕಿರ್ದಿಯನ್ನು ಪುನಃ ಕೂಡಿಸಿ, ನಾನೇ ಒಂದು ಜಮೆಯನ್ನು ಎರಡು ಸಲ ಬರೆದಿದ್ದುದನ್ನು ತೋರಿಸಿದರು. ಗುಮಾಸ್ತನ ಮನೆಗೆ ಹೋಗಿ ಕ್ಷಮೆ ಕೇಳುವೆನೆಂದಾಗ ಅವರು ಹೇಳಿದ ಮಾತು ಇಂದಿಗೂ ನೆನಪಿದೆ: “ಸಾಹುಕಾರರೇ, ಬೈದದ್ದು ನಾಲ್ಕು ಜನರ ಮುಂದೆ, ಕ್ಷಮೆ ಮಾತ್ರ ಮನೆಯೊಳಗೋ?” ಮರುದಿನ ಅಂಗಡಿಯಲ್ಲಿಯೇ, ಗಿರಾಕಿಗಳ ಎದುರಿನಲ್ಲಿ, ತಪ್ಪು ನನ್ನದೆಂದು ಒಪ್ಪಿಕೊಂಡೆ. ಆತನು “ಇರಲಿ ಬಿಡಿರಿ” ಎಂದನು. ಆದರೂ ಯುಗಾದಿಯ ಮುಂಚೆ ಕೆಲಸ ಬಿಟ್ಟು ಹೋದನು. ಲೆಕ್ಕ ಒಂದು ರಾತ್ರಿಯಲ್ಲಿ ಸರಿಹೋಯಿತು, ಮನಸ್ಸು ಸರಿಹೋಗಲಿಲ್ಲ.

ದಶಲಕ್ಷಣ ಪರ್ವದ ಬಳಿಕ ಕ್ಷಮಾವಣಿಯ ದಿನ ನಾವು ದೂರದ ಊರುಗಳ ಬಂಧುಗಳಿಗೆಲ್ಲ ಅಚ್ಚು ಹಾಕಿಸಿದ ಪತ್ರಗಳನ್ನು ಕಳುಹಿಸುತ್ತೇವೆ. ಯಾರೊಡನೆ ವರ್ಷದಲ್ಲಿ ಒಮ್ಮೆಯೂ ಮಾತನಾಡಿಲ್ಲವೋ ಅವರ ಕ್ಷಮೆ ಬೇಡುವುದು ಸುಲಭ. ದಿನವೂ ಹತ್ತು ತಾಸು ನಮ್ಮ ಸಿಡುಕನ್ನು ಸಹಿಸಿದ ಗುಮಾಸ್ತ, ಹಮಾಲ, ಬಸದಿಯ ಪುರೋಹಿತ, ಕಸ ಗುಡಿಸುವ ತಾಯಿ, ಇವರೆದುರು ಕೈ ಮುಗಿದವರು ನಮ್ಮಲ್ಲಿ ಎಷ್ಟು ಮಂದಿ?

ಆದುದರಿಂದ ನಮ್ಮ ವರ್ತಕ ಬಾಂಧವರಲ್ಲಿಯೂ ಬಸದಿಗಳ ಟ್ರಸ್ಟಿನ ಸದಸ್ಯರಲ್ಲಿಯೂ ನನ್ನ ಬಿನ್ನಹವಿಷ್ಟು. ಕೂಡಿ ಮಾಡುವ ಕಾರ್ಯದಲ್ಲಿ ಚಿಕ್ಕವನಿಗೂ ಒಂದು ಪಾಲು ಇರಲಿ, ಅದು ಬರಹದಲ್ಲಿರಲಿ. ವಾರ್ಷಿಕ ಲೆಕ್ಕವನ್ನು ಎಲ್ಲರೂ ನೋಡುವಂತೆ ಬಸದಿಯ ಗೋಡೆಗೆ ಹಚ್ಚಿರಿ. 1204ರ ವರ್ತಕರು ಕಲ್ಲಿನಲ್ಲಿಯೇ ಕೆತ್ತಿಸಿದ್ದರು. ತಪ್ಪನ್ನು ಒಳಗೆ ಕರೆದು ಹೇಳಿರಿ, ಮೆಚ್ಚುಗೆಯನ್ನು ಹೊರಗೆ ಹೇಳಿರಿ. ಈ ಸಲದ ಕ್ಷಮಾವಣಿಯನ್ನು ಅಂಚೆಯ ಪತ್ರದಿಂದಲ್ಲ, ಅಂಗಡಿಯ ಹೊಸ್ತಿಲಿನಿಂದ ಆರಂಭಿಸಿರಿ. ಹಲಸಿಯ ತಾಮ್ರಪಟದಲ್ಲಿ ಮೂರು ಸಂಘಗಳ ಹೆಸರು ಒಟ್ಟಿಗೆ ಉಳಿದು ಸುಮಾರು ಹದಿನೈದು ನೂರು ವರ್ಷಗಳಾದವು. ನಮ್ಮೊಡನೆ ದುಡಿಯುವವರ ಹೆಸರನ್ನು ನಾವು ಒಂದು ಜೀವಮಾನದಷ್ಟು ಕಾಲವಾದರೂ ನೆನಪಿಡೋಣ.