ನಡುಹಗಲಿನ ಬಾವುಟ

ಕೆಲವು ವರ್ಷಗಳ ಹಿಂದೆ ಯೂರೋಪಿನ ಪ್ರಾಗ್ ನಗರಕ್ಕೆ ಹೋಗುವ ಸಂದರ್ಭ ನನಗೊದಗಿತ್ತು. ಅರವತ್ತು ದಾಟಿದ ಮೊಣಕಾಲುಗಳ ಅಹವಾಲಿಗೆ ಕಿವಿಗೊಡದೆ, ಆ ಊರಿನ ಹಳೆಯ ಪೇಟೆಯಲ್ಲಿರುವ ಕ್ಲೆಮೆಂಟಿನಮ್ ಎಂಬ ವಿದ್ಯಾಲಯದ ಗೋಪುರವನ್ನು ಹತ್ತಿದೆ. 172 ಮೆಟ್ಟಿಲುಗಳನ್ನೇರಿ ಮೇಲಿನ ಸುತ್ತುಜಗಲಿಗೆ ಬಂದು ನಿಂತಾಗ, ಕೆಂಪು ಹೆಂಚಿನ ಮಾಡುಗಳು ಒಂದರ ಹೆಗಲಿಗೊಂದು ಒರಗಿಕೊಂಡು ವಲ್ಟಾವಾ ನದಿಯವರೆಗೂ ಹಬ್ಬಿದ್ದವು. ನದಿಯಾಚೆ ಗುಡ್ಡದ ಮೇಲೆ ಅರಮನೆ, ಈಚೆ ಇಗರ್ಜಿಗಳ ಶಿಖರಗಳು. ಬಂದವರೆಲ್ಲರೂ ಇದನ್ನೇ ನೋಡಿ ದಣಿವು ಮರೆಯುತ್ತಾರೆ; ನಾನೂ ಮರೆತೆ.

1556ರಲ್ಲಿ ಪ್ರಾಗಿಗೆ ಬಂದ ಜೆಸ್ಯೂಟ್ ಪಾದ್ರಿಗಳು ಬೆಳೆಸಿದ ವಿದ್ಯಾಲಯ ಇದು. ಗೋಪುರ ಎದ್ದುದು 1722ರಲ್ಲಿ. ಅದು ಬರೋಕ್ ಶೈಲಿಯ ಕಾಲ. ನೋಡುವವನನ್ನು ಬೆರಗುಗೊಳಿಸುವುದು ಆ ಶೈಲಿಯ ಸ್ವಭಾವ. ಮಿತಕ್ಕಿಂತ ವೈಭವವೇ ಅದಕ್ಕೆ ಪ್ರಿಯ. ಗೋಪುರದ ನೆತ್ತಿಯಲ್ಲಿ ಖಗೋಳವನ್ನು ಹೊತ್ತ ಅಟ್ಲಾಸನ ಸೀಸದ ಪ್ರತಿಮೆಯೊಂದಿದೆ. ಇಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದವನು ಜೋಸೆಫ್ ಸ್ಟೆಪ್ಲಿಂಗ್ ಎಂಬ ಪಾದ್ರಿ. 18ನೆಯ ಶತಮಾನದ ನಡುವಿನಲ್ಲಿ ದೂರದರ್ಶಕಗಳು ಈ ಮೆಟ್ಟಿಲುಗಳನ್ನೇರಿದವು.

ಆದರೆ ಈ ಜಗಲಿಯ ಕಥೆಯಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ನಕ್ಷತ್ರಗಳಲ್ಲ, ಒಂದು ಬಾವುಟ. ಜಗಲಿಗಿಂತ ಕೆಳಗೆ ಒಂದು ಕತ್ತಲೆಯ ಕೋಣೆಯಿದೆ. ಗೋಡೆಯ ಸಣ್ಣ ರಂಧ್ರದಿಂದ ಬಿಸಿಲಿನ ಕೋಲೊಂದು ಒಳಗೆ ಬಂದು ನೆಲದ ಮೇಲೆ ಬೀಳುತ್ತದೆ. ನೆಲದುದ್ದಕ್ಕೂ ಬಿಗಿದ ದಾರವೊಂದನ್ನು ಆ ಬೆಳಕಿನ ಚುಕ್ಕೆ ದಾಟಿದ ಕ್ಷಣವೇ ನಡುಹಗಲು. 1842ರಿಂದ, ಹೀಗೆ ಮಧ್ಯಾಹ್ನವಾದುದನ್ನು ಊರಿಗೆ ಸಾರಲು ಈ ಜಗಲಿಯಿಂದ ಬಾವುಟ ಬೀಸುತ್ತಿದ್ದರು. ಮುಂದೆ 1891ರಲ್ಲಿ ಬಾವುಟ ಕಂಡೊಡನೆ ಕೋಟೆಯ ಕಡೆಯಿಂದ ತೋಪು ಹಾರಿಸುವ ಪದ್ಧತಿಯೂ ಸೇರಿತು. 1920ರ ದಶಕದವರೆಗೆ ಪ್ರಾಗಿನ ಜನ ಹೀಗೆ ತಮ್ಮ ಗಡಿಯಾರಗಳನ್ನು ಸರಿಪಡಿಸಿಕೊಂಡರು. ಆಕಾಶವನ್ನು ನೋಡಲೆಂದು ಕಟ್ಟಿದ ಜಗಲಿಯನ್ನು ಊರೇ ತಲೆಯೆತ್ತಿ ನೋಡುವಂತಾಯಿತು.

ಇದಕ್ಕಿಂತ ದೊಡ್ಡದು, ಯಾರ ಕಣ್ಣಿಗೂ ಬೀಳದ ಇನ್ನೊಂದು ಕೆಲಸ. 1773ರಲ್ಲಿ ಪೋಪ್ ಗುರುಗಳು ಜೆಸ್ಯೂಟ್ ಪಂಥವನ್ನೇ ವಿಸರ್ಜಿಸಿದರು. ಮಠ ಹೋಯಿತು, ವೀಕ್ಷಣೆ ಹೋಗಲಿಲ್ಲ. ಮೊದಲು ಬಿಟ್ಟುಬಿಟ್ಟು ನಡೆಯುತ್ತಿದ್ದ ಉಷ್ಣಾಂಶದ ದಾಖಲೆ, ಪಂಥ ಅಳಿದ ಎರಡು ವರ್ಷಕ್ಕೆ, 1775ರಿಂದ, ದಿನವೂ ತಪ್ಪದೆ ನಡೆಯತೊಡಗಿತು. ಇದರಲ್ಲಿ ಆಂಟೋನಿನ್ ಸ್ಟ್ರನಾಡ್ ಎಂಬ ವಿದ್ವಾಂಸನ ಪರಿಶ್ರಮ ದೊಡ್ಡದು. ಪ್ರವಾಸಿಗಳು ಇಂದು ಮುಗಿಬಿದ್ದು ನೋಡುವ ಪ್ರಾಗಿನ ಖಗೋಳ ಗಡಿಯಾರ ಗುಜರಿಗೆ ಹೋಗಲಿದ್ದಾಗ, ಅದನ್ನು ದುರಸ್ತಿ ಮಾಡಿಸಬೇಕೆಂದು ಹಟ ಹಿಡಿದವನೂ ಇವನೇ.

ಆಮೇಲೆ ಏನೆಲ್ಲ ನಡೆಯಿತು! 1918ರಲ್ಲಿ ಸಾಮ್ರಾಜ್ಯ ಮುರಿದು ಗಣರಾಜ್ಯ ಬಂದಿತು. 1939ರಲ್ಲಿ ಜರ್ಮನ್ ಸೈನ್ಯ, 1948ರಲ್ಲಿ ಕಮ್ಯುನಿಸ್ಟ್ ಆಡಳಿತ, 1968ರಲ್ಲಿ ಸೋವಿಯತ್ ಟ್ಯಾಂಕುಗಳು. 1989ರಲ್ಲಿ ಮತ್ತೆ ಸ್ವಾತಂತ್ರ್ಯ. ಅಷ್ಟೂ ದಿನಗಳಲ್ಲಿ ಯಾರೋ ಒಬ್ಬರು ಉಷ್ಣಮಾಪಕದ ಮುಂದೆ ನಿಂತು ಅಂಕಿಯನ್ನು ಬರೆದುಕೊಂಡಿದ್ದಾರೆ. ಹೊರಗೆ ರಾಜ್ಯ ಬಿದ್ದ ದಿನವೂ ಒಳಗೆ ಒಂದು ಸಾಲು ಬಿದ್ದಿದೆ.

ಭೂಮಿ ಬಿಸಿಯಾಗುತ್ತಿರುವುದನ್ನು ಅಳೆಯುವ ವಿಜ್ಞಾನಿಗಳು ಇಂದು ಆ ಸಾಲುಗಳನ್ನು ತೆಗೆದು ನೋಡುತ್ತಾರೆ. ಇಂಥ ಪ್ರಶ್ನೆಯೊಂದು ಮುಂದೆ ಏಳುವುದೆಂದು 1775ರಲ್ಲಿ ಬರೆಯುತ್ತಿದ್ದವನಿಗೆ ತಿಳಿದಿರಲಿಲ್ಲ. ಪ್ರಶ್ನೆ ಹುಟ್ಟುವುದಕ್ಕೆ ಮೊದಲೇ ಉತ್ತರವನ್ನು ದಿನಕ್ಕೊಂದು ಸಾಲಿನಂತೆ ಕೂಡಿಟ್ಟುಹೋದ ಜನ ಅವರು. ಹೊಸ ವರ್ಷಕ್ಕೆ ದಿನಚರಿ ಬರೆಯತೊಡಗಿ, ಯುಗಾದಿಗೆ ಮುನ್ನವೇ ಕೈಬಿಡುತ್ತ ಬಂದ ನನ್ನಂಥವನಿಗೆ ಇದು ನಾಚಿಕೆಯನ್ನೂ ಗೌರವವನ್ನೂ ಒಟ್ಟಿಗೆ ತಂದಿತು. ತರಗತಿಯಲ್ಲಿ ನಾನು ಪಾಠ ಹೇಳಿದ್ದು ಹೆಚ್ಚಾಗಿ ಅರಸರ ಕಾಲವನ್ನು. ಮಳೆ ಬಿಸಿಲುಗಳನ್ನು ಬರೆದಿಟ್ಟವರ ಕಾಲವನ್ನಲ್ಲ.

ಇಳಿಯುವಾಗ ಆ ಕತ್ತಲೆಯ ಕೋಣೆಯಲ್ಲಿ ಮತ್ತೊಮ್ಮೆ ನಿಂತೆ. ಮೋಡ ಕವಿದಿತ್ತು; ಬಿಸಿಲಿನ ಚುಕ್ಕೆ ಬೀಳಲಿಲ್ಲ. ಅದೇ ಕಟ್ಟಡದಲ್ಲಿ ಆ ದಿನದ ಉಷ್ಣಾಂಶ ಮಾತ್ರ ದಾಖಲೆಗೆ ಸೇರಿರಬೇಕು. ನಾನು ಅಲ್ಲಿದ್ದ ಒಂದು ದಿನವೂ ಆ ಸಾಲಿನೊಳಗಿದೆ ಎಂಬ ಸಮಾಧಾನದಿಂದ ಉಳಿದ ಮೆಟ್ಟಿಲುಗಳನ್ನಿಳಿದೆ.